ಸಿಡುಕ ಮೇಸ್ತ್ರಿಯ ಲೇತ್, ಅತ್ತಿಗೆಯ ಗಿರಣಿ

ನಮ್ಮ ಬೀದಿಯಲ್ಲಿ ಕಬ್ಬಿಣ ಕಡೆಯುವ ಲೇತ್ ಕೆಲಸಗಾರನಿಗೆ ಸಿಡುಕ ಮೇಸ್ತ್ರಿ ಎಂದು ಹೆಸರಿಟ್ಟವರು ಯಾರೋ, ಅಳತೆ ತೆಗೆದೇ ಇಟ್ಟಿದ್ದಾರೆ. ಹಳೆಯ ಯಂತ್ರ ಮಾರುವ ನನ್ನ ಅಂಗಡಿಯಲ್ಲಿ ಐದು ಎಚ್.ಪಿ. ಮೋಟಾರಿನ ಲೇತ್ ಕೊಂಡ ದಿನ ಮಾತ್ರ ಆತ ನಕ್ಕಿದ್ದ. ಕಾರ್ಖಾನೆಯ ಕೆಲಸ ಬಿಟ್ಟು ಮನೆಯ ಹಿಂದಿನ ಶೆಡ್ಡಿನಲ್ಲೇ ಸ್ವಂತ ವರ್ಕ್‌ಶಾಪ್ ಹಾಕಿದ್ದ. ಮನೆಗೆ ಬರುವುದು ಸಿಂಗಲ್ ಫೇಸ್ ಕರೆಂಟು. ಲೇತಿಗೆ ಬೇಕಾದದ್ದು ತ್ರೀ ಫೇಸ್. ಹಳೆಯ ಮೋಟಾರೊಂದಕ್ಕೆ ಕೆಪಾಸಿಟರ್ ಕಟ್ಟಿ, ಅದನ್ನು ಸುಮ್ಮನೆ ತಿರುಗಲು ಬಿಟ್ಟು, ಉಳಿದ ಫೇಸ್ ಹುಟ್ಟಿಸುವ ಕನ್ವರ್ಟರ್ ಮಾಡಿಕೊಂಡ. ಕನ್ವರ್ಟರಿನ ಅದೇ ಲೈನಿನಲ್ಲಿ, ಮನೆಯ ಮುಂದಿನ ಕೋಣೆಯಲ್ಲಿದ್ದ ಅವನ ಅತ್ತಿಗೆಯ ಸಣ್ಣ ಹಿಟ್ಟಿನ ಗಿರಣಿಯೂ ಓಡುತ್ತಿತ್ತು.

ಲೇತ್ ಒಮ್ಮೆ ಸಲೀಸಾಗಿ ಹೊರಡುತ್ತಿತ್ತು, ಒಮ್ಮೆ ಹಟ ಹಿಡಿಯುತ್ತಿತ್ತು. “ನಿಮ್ಮ ಗಿರಣಿ ನನ್ನ ಕರೆಂಟೆಲ್ಲ ನುಂಗ್ತಿದೆ ಅತ್ತಿಗೆ” ಎಂದು ಮೇಸ್ತ್ರಿ ಅದರ ವಯರು ಕಳಚಿಯೇಬಿಟ್ಟ. ಅಂದಿನಿಂದ ಲೇತಿನದು ಪೂರ್ತಿ ಮುಷ್ಕರ. ಸ್ವಿಚ್ ಒತ್ತಿದರೆ ಗುಂಯ್ ಎಂದು ನರಳುವುದು, ಫ್ಯೂಸ್ ಹಾರುವುದು. ಪ್ರಿಂಟಿಂಗ್ ಪ್ರೆಸ್ಸಿನವರು ಕಡೆಯಲು ಕೊಟ್ಟ ರೋಲರ್ ಶಾಫ್ಟ್ ಹಾಗೇ ಬಿದ್ದಿತ್ತು. ಶನಿವಾರದೊಳಗೆ ಕೊಡದಿದ್ದರೆ ಅವರ ಕೆಲಸವೆಲ್ಲ ಬೇರೆಯವರಿಗೆ, ಮೇಸ್ತ್ರಿ ಮತ್ತೆ ಕಾರ್ಖಾನೆಯ ಗೇಟಿಗೆ.

“ಸತ್ತ ಮೋಟಾರನ್ನ ನನ್ನ ತಲೆಗೆ ಕಟ್ಟಿದ್ರಿ ಸಾಹುಕಾರ್ರೇ!” ಎಂದು ನನ್ನ ಅಂಗಡಿಗೇ ಬಂದು ಕೂಗಾಡಿದ.

“ಇಲ್ಲೇ ಓಡಿಸಿ ನೋಡಿ ತಗೊಂಡ್ರಲ್ಲ. ಬೇಡಾದ್ರೆ ವಾಪಸ್ ಕೊಡಿ, ಅರ್ಧ ಬೆಲೆಗೆ.”

“ಅರ್ಧನಾ! ಎದೆಯಲ್ಲಿ ಕರುಣೆ ಇದೆಯೇನ್ರೀ ನಿಮಗೆ?”

“ಇರೋದಕ್ಕೇ ಕಾಲು ಅನ್ನಲಿಲ್ಲ.”

ಶುಕ್ರವಾರ ಬೆಳಗ್ಗೆ ಶೆಡ್ಡಿಗೆ ಹೋದೆ. ಸಾಂತ್ವನಕ್ಕಲ್ಲ, ಲೇತ್ ಆ ಬಾಗಿಲಲ್ಲಿ ಹೊರಬರುತ್ತದೋ ಇಲ್ಲವೋ ನೋಡಲು. ಮೇಸ್ತ್ರಿ ಅದೇ ಲೈನಿಗೆ ಹಚ್ಚಿದ್ದ ಸಣ್ಣ ಗ್ರೈಂಡರಿನಲ್ಲಿ ಟೂಲ್ ಮಸೆಯುತ್ತಿದ್ದ. ನನ್ನನ್ನು ಕಂಡದ್ದೇ ಉರಿದು, ಅದನ್ನು ಆರಿಸುವುದನ್ನೂ ಮರೆತು, “ನೋಡಿ ನಿಮ್ಮ ಮಾಲು!” ಎಂದು ಲೇತಿನ ಸ್ವಿಚ್ ಒತ್ತಿದ. ಶಾಫ್ಟ್ ಕಚ್ಚಿ ಹಿಡಿಯುವ ಲೇತಿನ ಚಕ್ ಅರ್ಧ ಸುತ್ತು ತಿರುಗಿತು, ಆಮೇಲೆ ಫ್ಯೂಸ್ ಹಾರಿತು. ಇಬ್ಬರೂ ಮುಖ ನೋಡಿಕೊಂಡೆವು. ಫ್ಯೂಸ್ ಬದಲಿಸಿ ಬದಲಿಸಿ ನೋಡಿದೆವು: ಗ್ರೈಂಡರ್ ಆರಿಸಿ ಒತ್ತಿದರೆ ಲೇತ್ ಕದಲಲಿಲ್ಲ. ಗ್ರೈಂಡರ್ ಹಚ್ಚಿ ಒತ್ತಿದರೆ ಮತ್ತೆ ಅರ್ಧ ಸುತ್ತು.

ಮೇಸ್ತ್ರಿ ಹರಳೆಣ್ಣೆ ಕುಡಿದವನಂತೆ ಸ್ಟೂಲಿನ ಮೇಲೆ ಕುಸಿದ. “ಓಡ್ತಿರೋ ಮೋಟಾರು ಹೊರಡೋ ಮೋಟಾರಿಗೆ ಹೆಗಲು ಕೊಡತ್ತೆ. ಗಿರಣಿ ಓಡ್ತಿದ್ದಾಗಲೇ ನನ್ನ ಲೇತ್ ಹೊರಡ್ತಿದ್ದಿದ್ದು. ಥೂ!”

ಗಿರಣಿಯ ವಯರು ಮತ್ತೆ ಜೋಡಿಸುವುದು ಸುಲಭವಾಗಿತ್ತು. ಅತ್ತಿಗೆಯನ್ನು ಕೇಳುವುದು ಕಷ್ಟವಾಗಿತ್ತು.

“ಅತ್ತಿಗೆ, ಗಿರಣಿ ಸ್ವಲ್ಪ ಹಚ್ಚಿ.”

“ಕಾಳಿಲ್ಲದೆ ಕಲ್ಲು ತಿರುಗಿಸಿದ್ರೆ ಸವೆದುಹೋಗತ್ತಪ್ಪ.”

“ಬೆಲ್ಟ್ ಕಳಚ್ತೀನಿ, ಬರೀ ಮೋಟಾರ್ ಓಡಲಿ.”

“ವಯರು ಕಳಚಿದ್ದು ಸಾಲದಾ? ನನ್ನ ಮೆಷಿನ್ ಮುಟ್ಟಿದ್ರೆ ನೋಡು! ಗಿರಾಕಿ ಬರಲಿ, ಹಚ್ತೀನಿ.”

ವಯರು ಕಳಚಿದ ದಿನದಿಂದ ಗಿರಾಕಿಗಳೆಲ್ಲ ಪಕ್ಕದ ಬೀದಿಯ ಗಿರಣಿ ಹಿಡಿದಿದ್ದರು. ಮೇಸ್ತ್ರಿ ಹೊಸ್ತಿಲಲ್ಲಿ ನಿಂತು ಚೀಲ ಹಿಡಿದವರನ್ನೆಲ್ಲ ದಿಟ್ಟಿಸಿದ. ಒಬ್ಬರ ಚೀಲದಲ್ಲಿ ಇಸ್ತ್ರಿ ಬಟ್ಟೆ, ಇನ್ನೊಬ್ಬರದರಲ್ಲಿ ಚಪ್ಪಲಿ. ಮಧ್ಯಾಹ್ನದ ಹೊತ್ತಿಗೆ ಅಜ್ಜಿಯೊಬ್ಬಳು ಸ್ವಲ್ಪ ಗೋಧಿ ತಂದಳು. ಮೇಸ್ತ್ರಿ ಚೀಲ ಕಸಿದುಕೊಂಡು ಒಳಗೆ ಓಡಿದ. ಅಜ್ಜಿ ಕಳ್ಳ ಎಂದು ಕೂಗಿದಳು.

ಗಿರಣಿ ಹೊರಟಿತು. ಹಿಂದೆಯೇ ಲೇತ್ ಎದ್ದಿತು. ಆದರೆ ಶಾಫ್ಟಿನ ಅಳತೆ ನೋಡಲು ಲೇತ್ ನಿಲ್ಲಿಸಬೇಕು, ನಿಲ್ಲಿಸಿದರೆ ಮತ್ತೆ ಹೊರಡಿಸಬೇಕು. ಇತ್ತ ಗೋಧಿ ತಳ ಕಾಣುತ್ತಿತ್ತು.

“ಇನ್ನೊಂದ್ ಸಲ ಹಾಕಿ ಅತ್ತಿಗೆ, ಇನ್ನೂ ನುಣ್ಣಗಾಗಲಿ!” ಎಂದು ಶೆಡ್ಡಿನಿಂದ ಕೂಗು ಬಂತು.

“ಬೇಡಮ್ಮ, ನನಗೆ ತರಿತರಿ ಸಾಕು” ಎಂದಳು ಅಜ್ಜಿ.

ಅತ್ತಿಗೆ, ಅರ್ಧ ಬೆಲೆಗೆ ಲೇತ್ ಒಯ್ಯಲು ಬಾಗಿಲಲ್ಲೇ ಕಾದಿದ್ದ ನನ್ನ ಕಡೆ ನೋಡಿ, ಹಿಟ್ಟನ್ನು ಮತ್ತೆ ಗಿರಣಿಗೆ ಸುರಿದಳು.