ಬಂದ್ ದಿನ ಬಾರದ ಡಾಕ್ಟರಮ್ಮ

ಜಹೀರಾಬಾದಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನಾನು ನರ್ಸ್ ಆಗಿದ್ದೆ. ತೆಲಂಗಾಣ ಚಳವಳಿ ಜೋರಾಗಿದ್ದ ಕಾಲ. ಒಂದು ಬೆಳಿಗ್ಗೆ, ಆಗಷ್ಟೇ ಹಡೆದ ಹೆಂಗಸೊಬ್ಬಳು ಕೂಸನ್ನು ಎದೆಗವಚಿಕೊಂಡು ಸಂತೋಷಕ್ಕೆ ಅಳುತ್ತಿದ್ದಳು.

"ಸಾಕ್ ಮಾಡವ್ವ ನಾಟಕ!" ಎಂದು ಕಿರುಚಿಬಿಟ್ಟೆ.

ವಾರ್ಡಿನವರೆಲ್ಲ ನನ್ನ ಕಡೆ ತಿರುಗಿದರು. ಆ ಮಾತು ನನ್ನ ಬಾಯಿಂದ ಹೇಗೆ ಬಂತೆಂದು ನನಗೇ ತಿಳಿಯಲಿಲ್ಲ.

ದೊಡ್ಡ ಡಾಕ್ಟರ್ ಬೈಯಲಿಲ್ಲ. ಗುರುವಾರಕ್ಕೊಮ್ಮೆ ಹೈದರಾಬಾದಿನಿಂದ ಬರುತ್ತಿದ್ದ ಮನಸ್ಸಿನ ಡಾಕ್ಟರಮ್ಮನ ಹತ್ತಿರ ಕಳಿಸಿದರು. ಬೀದರ್ ಕಡೆಯವರು, ನಮ್ಮ ಮಾತೇ ಆಡುತ್ತಿದ್ದರು. ಗುಳಿಗೆ ಬರೆಯಲಿಲ್ಲ, ಮಾತಾಡಿಸಿದರು.

"ಸಣ್ಣಾಕಿ ಇದ್ದಾಗ ನಿಮ್ಮವ್ವ ನಿಮಗ ಎತ್ಕೊಂಡಿದ್ದು ನೆನಪದ ಏನ್ರಿ?"

"ಇಲ್ರಿ. ಆಕಿಗಿ ನಾ ಬ್ಯಾಡಾಗಿದ್ದೆ."

ಒಂದು ವಾರ ಆಕ್ಸಿಟೋಸಿನ್ ಮಾತು ಬಂತು. ಹೆರಿಗೆ ನೋವು ಬರಲೆಂದು ನಾನು ದಿನಾ ಸಲೈನಿಗೆ ಸೇರಿಸುವ ಔಷಧ. ಅದೇ ನಮ್ಮ ಮೈಯಲ್ಲೂ ಹುಟ್ಟುತ್ತದಂತೆ, ಕೂಸನ್ನು ಅಪ್ಪಿಕೊಂಡಾಗ ಏರುತ್ತದಂತೆ. ದಂಗಾದೆ.

"ಹಂಗಾರ ನನಗೂ ಒಂದು ಇಂಜೆಕ್ಷನ್ ಕೊಡ್ರಿ."

ಅವರು ನಗಲಿಲ್ಲ. "ಇದು ಸೂಜಿಲಿಂದ ಆಗೂ ಕೆಲಸ ಅಲ್ರಿ. ಬರ್ತಾ ಇರ್ರಿ."

ಆಮೇಲೆ ಬಂದ್. ಹೆದ್ದಾರಿಯಲ್ಲಿ ಟೈರು ಸುಡುತ್ತಿದ್ದರು, ಬಸ್ಸಿಲ್ಲ. ಎರಡು ಗುರುವಾರ ಡಾಕ್ಟರಮ್ಮ ಬರಲಿಲ್ಲ. ಕಾರಣ ನನಗೂ ಗೊತ್ತಿತ್ತು. ಆದರೂ ಮೂರನೆಯ ವಾರ ಅವರನ್ನು ಕಂಡದ್ದೇ ಚೀರಿದೆ:

"ಬಾಗಲಾಗ ನಿಂತು ನೋಡ್ತಿ, ಎತ್ಕೊಳ್ಳಂಗಿಲ್ಲ!"

ಡಾಕ್ಟರಮ್ಮ ಬಾಗಿಲಲ್ಲಿ ಎಂದೂ ನಿಂತವರಲ್ಲ. ನಾನವರಿಗೆ ಏಕವಚನ ಆಡಿದವಳೂ ಅಲ್ಲ.

ಅವರು ಮೆಲ್ಲಗೆ ಕೇಳಿದರು: "ಇದು ಯಾರಿಗಿ ಅಂದ್ರಿ?"

ಅವ್ವನಿಗೇ ಅಂದದ್ದೆಂದು ಆಗ ಹೊಳೆಯಿತು. ಮರುದಿನವೇ ಜೀಪು ಹತ್ತಿ ನ್ಯಾಲ್ಕಲ್ ಕಡೆಯ ನಮ್ಮ ಹಳ್ಳಿಗೆ ಹೋದೆ. ಅವ್ವ ಜೋಳ ಹಸನು ಮಾಡುತ್ತಿದ್ದಳು. ನಾನು ಚೀರಿದ ಬಾಗಿಲ ಮಾತು ಹೇಳಿ, ಅದೇನೆಂದು ಕೇಳಿದೆ. ಮೊರ ಆಕೆಯ ಕೈಯಿಂದ ಜಾರಿತು.

"ನಿನಗ ಯಾರ್ ಹೇಳಿದ್ರು?"

ನನ್ನನ್ನು ಹಡೆದ ಮೇಲೆ ಆಕೆಗೆ ಟಿ.ಬಿ. ಆಗಿತ್ತು. ಔಷಧ ಅರ್ಧಕ್ಕೆ ಬಿಟ್ಟದ್ದರಿಂದ ರೋಗ ಮರುಕಳಿಸಿ, ನನಗೆ ಮೂರು ವರ್ಷ ತುಂಬುವತನಕ ಮನೆಯವರು ಆಕೆಗೆ ನನ್ನನ್ನು ಮುಟ್ಟಗೊಡಲಿಲ್ಲ. ಅಜ್ಜಿಯೇ ನನ್ನನ್ನು ಸಾಕಿದಳು.

"ನೀ ಅತ್ತಾಗೆಲ್ಲ ನಾ ಬಾಗಲತನಕ ಬಂದು ನಿಂತು ನೋಡ್ತಿದ್ದೆ. ಮಂದಿಗಿ ತಿಳದ್ರ ನಿನ್ನ ಲಗ್ನ ಆಗಂಗಿಲ್ಲಂತ ಯಾರಿಗೂ ಹೇಳಲಿಲ್ಲ, ನಿನಗೂ."

ಆಕೆಯ ಕೈ ಹಿಡಿಯಹೋದೆ. ಅವ್ವ ಹಳೆಯ ರೂಢಿಯಂತೆ ಸರಕ್ಕನೆ ಹಿಂದಕ್ಕೆಳೆದುಕೊಂಡಳು. ಆಮೇಲೆ ತಾನೇ ಚಾಚಿದಳು.

ಡಾಕ್ಟರಮ್ಮನ ಹತ್ತಿರ ಇನ್ನೂ ಒಂದು ವರ್ಷ ಹೋದೆ. ಸಿಟ್ಟು ನಿಧಾನಕ್ಕೆ ಇಳಿಯಿತು. ಅಷ್ಟು ವರ್ಷ ತನ್ನ ಮೇಲಿದ್ದ ನನ್ನ ಮುನಿಸನ್ನೆಲ್ಲ ಅವ್ವ ಒಂದು ಮಾತೂ ಆಡದೆ ಹೇಗೆ ನುಂಗಿಕೊಂಡಳೋ, ಇವತ್ತಿಗೂ ನೆನೆದರೆ ಮೈ ಜುಮ್ಮೆನ್ನುತ್ತದೆ.