ಮಗಳ ಭುಜ ಬೆಳೆದ ಚಳಿಗಾಲ

ನನ್ನ ಗಂಡ ದೆಹಲಿ ಪಕ್ಕದ ಮಾನೇಸರ್‌ನ ಒಂದು ಕಾರ್ಖಾನೆಯಲ್ಲಿ ಸೀಟ್ ಬೆಲ್ಟ್ ಪರೀಕ್ಷಿಸುವ ಎಂಜಿನಿಯರ್ ಆಗಿದ್ದರು. ನಾವಿದ್ದ ಗುಡಗಾಂವಿನಲ್ಲಿ ಎಲ್ಲರೂ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಓಡಾಡುತ್ತಿದ್ದ ಆ ಕಾಲದಲ್ಲೂ ನಮ್ಮ ಮಗಳು ಹುಟ್ಟಿದಾಗಿನಿಂದ ಕಾರಿನಲ್ಲಿ ತನ್ನದೇ ಸೀಟಿನಲ್ಲಿ ಕೂರುತ್ತಿದ್ದಳು. ಅವಳಿಗೆ ನಾಲ್ಕು ತುಂಬಿದಾಗ ನಾನು ಮತ್ತೆ ಬಸುರಿ. ಆ ಸೀಟು ಹುಟ್ಟುವ ಪಾಪುವಿಗೆ, ಅವಳಿಗೆ ದೊಡ್ಡದೊಂದು ಎಂದು ಮಾತಾಡಿಕೊಂಡಿದ್ದೆವು.

ಎಂಟನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಗಂಡು. ಆಸ್ಪತ್ರೆಯಿಂದ ಬಂದ ಮೇಲೆ ನಾನು ಅನ್ನ ಮಾಡಿದೆ, ಬಟ್ಟೆ ಮಡಿಸಿದೆ. ಊರಿನಿಂದ ಬಂದಿದ್ದ ಅಮ್ಮ, "ಒಂದ್ಸಲ ಅತ್ತುಬಿಡೇ" ಅಂದರು. ಅಳು ಬರಲಿಲ್ಲ. ಪಕ್ಕದ ಮನೆಯ ಟೀವಿಯಂತೆ ಎಲ್ಲವೂ ಗೋಡೆಯಾಚೆಯಿಂದ ಕೇಳಿಸುತ್ತಿತ್ತು.

ಅಮ್ಮ ಊರಿಗೆ ಹೋದ ಮೇಲೆ ಒಂದು ದಿನ ಕಾರಿನಲ್ಲಿ ಮಗಳು ಮುಲುಗಿದಳು. "ಅಮ್ಮಾ, ಚುಭ್ ರಹಾ ಹೈ. ನೋಯ್ತಿದೆ." ಸ್ವೆಟರ್ ಸರಿಸಿ ನೋಡಿದೆ. ಭುಜದ ಮೇಲೆ ಕೆಂಪು ಗೆರೆ. ಸೀಟಿನ ಬೆನ್ನಿನಿಂದ ಪಟ್ಟಿ ಹೊರಬರುವ ಕಿಂಡಿಗಿಂತ ಭುಜವೇ ಮೇಲಿತ್ತು. ಆ ವಾರಗಳಲ್ಲಿ ಅವಳು ತನ್ನ ಪಾಡಿಗೆ ಬೆಳೆದುಬಿಟ್ಟಿದ್ದಳು.

ಭಾನುವಾರ ಮಕ್ಕಳ ಸಾಮಾನಿನ ಅಂಗಡಿಗೆ ಹೋದೆವು. ಮಗಳು ಗುಲಾಬಿ ಬಣ್ಣದ ಸೀಟನ್ನು ಹಿಡಿದುಕೊಂಡು ಬಿಡಲಿಲ್ಲ. ನನ್ನ ಗಂಡ ಅದನ್ನು ನಮ್ಮ ಕಾರಿನಲ್ಲೇ ಇಟ್ಟು ನೋಡಬೇಕೆಂದರು. ಬೆಲ್ಟ್ ಅವಳ ಕುತ್ತಿಗೆಗೆ ಒತ್ತುತ್ತಿತ್ತು. ಎತ್ತರದ ಬೆನ್ನಿದ್ದ ಬೂದು ಸೀಟು ತರಿಸಿದರು. ಬೆಲ್ಟ್ ಭುಜದ ನಡುವೆ ಬಂತು.

"ಕೆಳಗಿನದು ಹೊಟ್ಟೆ ಮೇಲೆ ಬರಬಾರ್ದು ಪುಟ್ಟಿ, ಸೊಂಟದ ಮೇಲೆ ಕೂರಬೇಕು," ಎನ್ನುತ್ತಾ ಬೆರಳಿನಿಂದ ತೋರಿಸಿದರು. ಹೊಟ್ಟೆ ಎಂದದ್ದು ತಮಗೇ ಕೇಳಿಸಿತೇನೋ, ನನ್ನ ಕಡೆ ನೋಡಲಿಲ್ಲ.

ಅಂಗಡಿಯವನು ನಗುತ್ತಾ, "ಪುರಾನಾ ವಾಲಾ ರಖ್ ಲೀಜಿಯೇ ಮೇಡಂ, ದೂಸ್ರೇ ಬಚ್ಚೇ ಕೇ ಕಾಮ್ ಆಯೇಗಾ," ಅಂದ. ಹಳೆಯದನ್ನು ಇಟ್ಟುಕೊಳ್ಳಿ, ಇನ್ನೊಂದು ಮಗುವಿಗಾಗುತ್ತದೆ ಎಂದು.

"ಅಚ್ಛಾ ಭಯ್ಯಾ," ಅಂದೆ. ನೋವಾಗಬೇಕಿತ್ತು. ಆಗಲಿಲ್ಲ.

ಹಳೆಯ ಸೀಟನ್ನು ಗಂಡ ತಮ್ಮ ಸಹೋದ್ಯೋಗಿಗೆ ಕೊಡೋಣವೇ ಎಂದು ಕೇಳಿದರು. ಆತನ ಹೆಂಡತಿಗೆ ಆಗಷ್ಟೇ ಹೆರಿಗೆಯಾಗಿತ್ತು. ಹೂಂ ಅಂದೆ. ಹೊದಿಕೆ ಬಿಚ್ಚಿ ಒಗೆದೆ. ಮಡಿಕೆಗಳಲ್ಲಿದ್ದ ಬಿಸ್ಕತ್ತಿನ ಪುಡಿ ಕೊಡವಿ, ಬಾಲ್ಕನಿಯ ಬಿಸಿಲಿಗೆ ಹಾಕಿದೆ.

ಸಹೋದ್ಯೋಗಿ ಬಂದು ತನ್ನ ಕಾರಿಗೆ ಸೀಟು ಕಟ್ಟುತ್ತಿದ್ದ. ಅದು ಅಲ್ಲಾಡುತ್ತಿತ್ತು. ನೋಡುತ್ತಾ ನಿಂತಿದ್ದ ನಾನೇ ಒಳಗೆ ಬಾಗಿ, ಸೀಟಿನ ಮೇಲೆ ಮೊಣಕಾಲೂರಿ, ಶಕ್ತಿಯೆಲ್ಲ ಹಾಕಿ ಪಟ್ಟಿ ಎಳೆದೆ. ಆಪರೇಷನ್ನಿನ ಹೊಲಿಗೆ ಹಾಕಿದ್ದ ಜಾಗ ಚುರುಕ್ ಎಂದಿತು. ಎಷ್ಟೋ ದಿನಗಳ ಮೇಲೆ ನನ್ನ ಮೈ ನನಗೆ ಗೊತ್ತಾದದ್ದು ಆಗಲೇ. ಇನ್ನೊಮ್ಮೆ ಎಳೆದೆ.

"ಸಾಕು ಬಿಡೇ, ಬಿಗಿಯಾಯ್ತು," ಎಂದರು ನನ್ನ ಗಂಡ, ಹಿಂದಿನಿಂದ ನನ್ನ ತೋಳು ಹಿಡಿದು.