ಚೆಲ್ಲಿಹೋದ ಹೆಪ್ಪು

ಅಮ್ಮ ಇದ್ದ ಕೊನೆಯ ಸಂಜೆಯೂ ಬೇರೆ ಸಂಜೆಗಳ ಹಾಗೇ ಇತ್ತು. ಹಾಲಿನ ಪಾತ್ರೆಯನ್ನು ಹೊರಗಿನಿಂದ ಅಂಗೈಯಲ್ಲಿ ಮುಟ್ಟಿ ನೋಡಿ, ಹಿಂದಿನ ದಿನದ ಮೊಸರಿನಿಂದ ಒಂದು ಚಮಚ ಹೆಪ್ಪು ಹಾಕಿ, ಮುಚ್ಚಳ ಮುಚ್ಚಿ, “ಇನ್ನು ಯಾರೂ ಅಲ್ಲಾಡಿಸ್ಬೇಡಿ” ಎಂದಳು. ನಾವು ಯಾರೂ ಆ ಪಾತ್ರೆಯ ಹತ್ತಿರ ಹೋಗುವವರಲ್ಲ. ಆದರೂ ದಿನವೂ ಹೇಳುತ್ತಿದ್ದಳು. ಬೆಳಗ್ಗೆ ಮೊಸರು ಗಟ್ಟಿಯಾಗಿ ಕೂತಿತ್ತು. ಅಮ್ಮ ಏಳಲಿಲ್ಲ.

ಸಾವಾದ ಮನೆಯಲ್ಲಿ ಇದ್ದ ಅಡುಗೆಯನ್ನೂ ತುಂಬಿಟ್ಟ ನೀರನ್ನೂ ಚೆಲ್ಲುವುದು ನಮ್ಮಲ್ಲಿನ ರೂಢಿ. ನೆರವಿಗೆ ಬಂದ ಹೆಂಗಸರು ನಮಗೆ ಒಂದು ಕೆಲಸವನ್ನೂ ಮುಟ್ಟಗೊಡದೆ ಎಲ್ಲ ಚೆಲ್ಲಿ, ಪಾತ್ರೆಗಳನ್ನು ತೊಳೆದು ಕವುಚಿಟ್ಟರು. ಅದರಲ್ಲಿ ಮೊಸರೂ ಹೋಯಿತು. ಅವರದು ತಪ್ಪಲ್ಲ. ಬೇರೆಯವರ ಮನೆಯಾಗಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ.

ಹಿಂದೆ ನಮ್ಮೂರು ಶೆಟ್ಟಿಕೊಪ್ಪದಲ್ಲಿ ಹೆಪ್ಪು ಕಳೆದುಹೋಗುವ ವಸ್ತುವೇ ಆಗಿರಲಿಲ್ಲ. ಒಂದು ಮನೆಯಲ್ಲಿ ಮುಗಿದರೆ ಇನ್ನೊಂದರಲ್ಲಿ ಇರುತ್ತಿತ್ತು; ಬಟ್ಟಲು ಹಿಡಿದು ಹೋದರೆ ಅದರ ಜೊತೆಗೆ ಒಂದಿಷ್ಟು ಮಾತೂ ಸಿಗುತ್ತಿತ್ತು. ಹುಲ್ಲು ತರುವವರಿಲ್ಲದೆ ದನಗಳು ಒಂದೊಂದಾಗಿ ಹೋದವು. ನಮ್ಮ ಕೊಟ್ಟಿಗೆಯಲ್ಲೂ ಈಗ ಬೈಕು ನಿಲ್ಲುತ್ತದೆ. ಅಮ್ಮ ಮಾತ್ರ ಪ್ಯಾಕೆಟ್ ಹಾಲಿಗೂ ಆ ಹಳೆಯ ಹೆಪ್ಪನ್ನೇ ಹಾಕುತ್ತ, ಹೋದ ಹಸುಗಳ ಹಾಲಿನ ರುಚಿಯನ್ನು ಹೇಗೋ ಮನೆಯಲ್ಲಿ ಉಳಿಸಿಕೊಂಡಿದ್ದಳು.

ಕಾರ್ಯ ಮುಗಿದ ಮಧ್ಯಾಹ್ನವೇ ನೆಂಟರ ಕಾರುಗಳು ಹೊರಟವು. ಅಪ್ಪ ಊಟದಿಂದ ಅರ್ಧಕ್ಕೇ ಏಳತೊಡಗಿದರು. ಅಂಗಡಿಯ ಮೊಸರು ಬಡಿಸಿದರೆ ತಟ್ಟೆಯ ಬದಿಗೆ ಸರಿಸುತ್ತಿದ್ದರು. ಅವರ ಅಂಗಿ ಸಡಿಲವಾಗುವುದನ್ನು ಕಂಡು ನನಗೆ ಹೆದರಿಕೆಯಾಯಿತು. ಬಟ್ಟಲು ಹಿಡಿದು ಪಕ್ಕದ ಮನೆಯ ಸರೋಜಕ್ಕನಲ್ಲಿಗೆ ಹೋದೆ.

“ನಮ್ಮಲ್ಲೆಲ್ಲಿದೆ ಮಾರಾಯ್ತಿ, ದನ ಕೊಟ್ಮೇಲೆ ನಮ್ದೂ ಪ್ಯಾಕೆಟ್ ಮೊಸ್ರೇ” ಎಂದಳು. ಬಟ್ಟಲು ನೋಡಿ ಅವಳ ಕಣ್ಣು ತುಂಬಿತು. “ನಿನ್ನಮ್ಮ ಇದ್ದಿದ್ರೆ ನಂಗೇ ಬೈತಿದ್ಲು, ಹೆಪ್ಪಿಲ್ಲದ್ದು ಎಂತ ಮನೆಯೇ ನಿಂದು ಅಂತ. ಹಾಲಿಗೆ ಒಣಮೆಣಸಿನ ತೊಟ್ಟು ಹಾಕಿ ನೋಡು, ಹೆಪ್ಪು ಹಿಡೀತದೆ. ಮೊದ್ಲು ಸಪ್ಪೆ ಇರ್ತದೆ. ಬಿಡ್ಬೇಡ, ಅದ್ರಿಂದ್ಲೇ ಮತ್ತೆ ಮತ್ತೆ ಹಾಕು.”

ಬಿಡಲಿಲ್ಲ. ನೀರುನೀರಾದದ್ದು ನಿಧಾನಕ್ಕೆ ಗಟ್ಟಿಯಾಯಿತು, ಹುಳಿ ಹಿಡಿಯಿತು. ಒಂದು ಮಧ್ಯಾಹ್ನ ಅಪ್ಪ ಒಂದು ತುತ್ತು ಉಂಡು ತಟ್ಟೆ ನೋಡಿದರು.

“ಅವಳು ಮಾಡಿದ ಹಾಗಿಲ್ಲ.”

ನಾನು ಮೊಸರಿನ ಪಾತ್ರೆ ಎತ್ತಿಕೊಳ್ಳಲು ಹೋದೆ. ಅವರು ಅನ್ನ ಕಲಸುತ್ತ, “ಇನ್ನೊಂಚೂರು ಹಾಕು” ಎಂದರು.

ಉಳಿದವರ ಬದುಕೂ ಹೀಗೆಯೇ ಏನೋ. ನಿನ್ನೆಯದರಲ್ಲಿ ಒಂದು ಚಮಚ ತೆಗೆದಿಟ್ಟುಕೊಂಡು ಇವತ್ತನ್ನು ಮಾಡಿಕೊಳ್ಳಬೇಕು.

ನಿನ್ನೆ ಸರೋಜಕ್ಕನೇ ಬಟ್ಟಲು ಹಿಡಿದು ಬಂದಿದ್ದಳು. ಅವಳಿಗೆ ಹೆಪ್ಪು ಕೊಟ್ಟು, ಸಂಜೆ ಹಾಲಿನ ಪಾತ್ರೆಯನ್ನು ಅಂಗೈಯಲ್ಲಿ ಮುಟ್ಟಿ ನೋಡಿ, ಹೆಪ್ಪು ಹಾಕಿ ಮುಚ್ಚಿದೆ. ಯಾರೂ ಅಲ್ಲಾಡಿಸಲಿಲ್ಲ. ಅಲ್ಲಾಡಿಸಬೇಡಿ ಎನ್ನುವವಳು ಇಲ್ಲ.